ಐದನೆಯವಳು

"ಇದು ಬಿಳಿಯೇನೇ? ನಿಮ್ಮಪ್ಪನ ಹೆಣಕ್ಕೆ ಹೊದಿಸು ಇದನ್ನ, ಹಲ್ಕಾ ಮುಂಡೆ!"

ಮೇಸ್ತ್ರಿ ಎಸೆದ ಒದ್ದೆ ಹಾಸುಬಟ್ಟೆ ಸೊಸೆಯ ಮುಖಕ್ಕೆ ಚಟಾರನೆ ಬಡಿಯಿತು. ಮೂಗಿನ ಮೇಲೆ ಜೋತುಬಿದ್ದದ್ದನ್ನು ಆಕೆ ಮೆಲ್ಲಗೆ ಇಳಿಸಿಕೊಂಡಳು. ಮೂಲೆಯಲ್ಲಿ ಅಂಗೈಯಗಲ ಹಳದಿ ಕಲೆ. ಔಷಧಿಯದೋ, ಕೀವಿನದೋ. ಮೂರು ಸಲ ಒಗೆದರೂ ಬಿಟ್ಟಿರಲಿಲ್ಲ.

"ಮತ್ತೆ ಹಾಕ್ತೀನಿ ಮೇಸ್ತ್ರಿ."

"ಹಾಕ್ತೀಯ, ಹಾಕ್ತೀಯ. ಸೋಪು ನಿಮ್ಮವ್ವ ತಂದುಕೊಡ್ತಾಳಾ?"

ಅವನ ಬೂಟಿನ ಸದ್ದು ದೂರವಾಗುವುದನ್ನೇ ಕಾಯುತ್ತಿದ್ದ ಅತ್ತೆ ತುಟಿ ಅಲುಗಿಸದೆ ಹೇಳಿದಳು: "ಮಡಚಿ ಎತ್ತಿಡು ಕಣೇ. ಆ ಬೋಳಿಮಗ ಸತ್ತಾಗ ಅವನಿಗೇ ಹೊದಿಸೋಣ."

ರೋಲರಿನ ಸುತ್ತ ನಿಂತಿದ್ದ ಐವರೂ ನಗು ನುಂಗಿಕೊಂಡರು. ದೊಡ್ಡಾಸ್ಪತ್ರೆಯ ಹಿಂದಿನ ತಗ್ಗಿನಲ್ಲಿದ್ದ ಆ ಲಾಂಡ್ರಿಯಲ್ಲಿ ನಗುವುದಕ್ಕೂ ಒಂದು ಕಸುಬುಗಾರಿಕೆ ಬೇಕಿತ್ತು.

ಅಲ್ಲಿ ಎಲ್ಲರೂ ಅವಳನ್ನು ಸೊಸೆ ಎಂದೇ ಕರೆಯುತ್ತಿದ್ದರು. ಹದಿಮೂರು ವರ್ಷದ ಹಿಂದೆ ಅತ್ತೆಯ ಸೆರಗು ಹಿಡಿದು ಬಂದವಳು. ಗಂಡ ಇನ್ನೊಬ್ಬಳ ಹಿಂದೆ ಹೋದಾಗ ಅತ್ತೆ ಮಗನ ಬಟ್ಟೆಬರೆಯನ್ನೆಲ್ಲ ಬೀದಿಗೆ ಎಸೆದು ಬಾಗಿಲು ಹಾಕಿಕೊಂಡಿದ್ದಳು. "ನೀನು ಎಲ್ಲಿಗೂ ಹೋಗ್ಬೇಡ. ಬೆಳಿಗ್ಗೆ ನನ್ ಜೊತೆ ಕೆಲಸಕ್ಕೆ ನಡಿ," ಎಂದಿದ್ದಳು, ಅಷ್ಟೆ. ಅವತ್ತಿನಿಂದ ಲಾಂಡ್ರಿಗೆಲ್ಲ ಅವಳು ಅತ್ತೆ, ಇವಳು ಸೊಸೆ. ಎರಡನೇ ರೋಲರಿನಲ್ಲಿ ಇವರಿಬ್ಬರ ಜೊತೆ ಇನ್ನು ಮೂವರು: ಗೋಡೆಯ ಮೇಲಿನ ಹುಕ್ಕಿಗೂ ಕೈ ಎಟುಕುವ ಏಣಿ, ನಾಲ್ಕಡಿಯ ಗುಬ್ಬಿ, ಮತ್ತು ಬಾಯಿಗೆ ಬಿಡುವೇ ಕೊಡದ ರೇಡಿಯೋ.

ರೋಲರೆಂದರೆ ಆಳುದ್ದದ ಕಬ್ಬಿಣದ ಉರುಳೆ, ಒಳಗೆ ಕುದಿಯುವ ಹಬೆ. ಇಬ್ಬರು ಒದ್ದೆ ಹಾಸನ್ನು ಅಂಚು ಹಿಡಿದು ಒಳಗೆ ಉಣಿಸಬೇಕು, ಆಚೆ ಬದಿ ಇಬ್ಬರು ಎಳೆದುಕೊಳ್ಳಬೇಕು, ಐದನೆಯವಳು ಮಡಚಿ ಜೋಡಿಸಬೇಕು. ಗಂಟೆಗೊಮ್ಮೆ ಜಾಗ ಬದಲಾಯಿಸಬೇಕು.

ಅತ್ತೆಯ ಬೆರಳುಗಳು ಸತ್ತು ಎರಡು ವರ್ಷವಾಗಿತ್ತು. ಮೂವತ್ತು ವರ್ಷದ ಬಿಸಿ, ಸೋಪು ಸೋಡಾದ ನೀರು, ನಡುಗುವ ಯಂತ್ರ ಎಲ್ಲ ಸೇರಿ ಕೈಯೊಳಗಿನ ಅರಿವನ್ನೇ ತಿಂದುಹಾಕಿದ್ದವು. ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿ, ಚರ್ಮ ಅಂಟಿಕೊಂಡದ್ದನ್ನು ನೋಡಿ, "ಅಯ್ಯೋ, ಬಿಸಿ ಇತ್ತಾ?" ಎಂದು ಕೇಳುತ್ತಿದ್ದಳು. ಆದ್ದರಿಂದ ನಾಲ್ವರೂ ಮಾತಿಲ್ಲದೆ ಒಂದು ಏರ್ಪಾಡು ಮಾಡಿಕೊಂಡಿದ್ದರು. ಅತ್ತೆ ಸದಾ ಮಡಚುವ ಮೇಜಿಗೆ. ಅಲ್ಲಿಯೂ ಅವಳದು ಅರ್ಧ ಕೆಲಸ, ಉಳಿದರ್ಧ ಗುಬ್ಬಿಯದು. ಮೇಸ್ತ್ರಿ ಬಂದರೆ ರೇಡಿಯೋ ಜೋರಾಗಿ ಕೆಮ್ಮುತ್ತಿದ್ದಳು. ತಕ್ಷಣ ಅತ್ತೆ ಉರುಳೆಯ ಬಳಿ ಬಂದು ಅಂಚು ಹಿಡಿದಂತೆ ನಿಲ್ಲುತ್ತಿದ್ದಳು. ಏಣಿಗೆ ಜ್ವರ ಬಂದಾಗಲೂ, ಗುಬ್ಬಿಯ ಮಗು ತೀರಿಕೊಂಡು ಆಕೆ ಮೂರನೇ ದಿನಕ್ಕೆ ಕೆಲಸಕ್ಕೆ ಬಂದಾಗಲೂ ಹೀಗೇ ನಡೆದಿತ್ತು. ಗುಬ್ಬಿ ಕೊಳೆಬಟ್ಟೆಯ ಚೀಲಗಳ ಹಿಂದೆ ಕೂತು ಅಳುತ್ತಿದ್ದಳು, ಅವಳ ಪಾಲಿನ ಹಾಸುಗಳು ಒಣಗಿ ಹೊರಬರುತ್ತಲೇ ಇದ್ದವು.

ಪ್ರಶ್ನೆ ಮೇಡಂ ಬಂದದ್ದು ಬೇಸಿಗೆಯಲ್ಲಿ.

ಆಕೆ ದೊಡ್ಡ ಓದು ಓದಿದವಳು. ಕೆಲಸದ ಜಾಗದಲ್ಲಿ ಜನ ಒತ್ತಡ ಹೇಗೆ ತಡೆದುಕೊಳ್ಳುತ್ತಾರೆ ಅನ್ನೋದು ಅವಳ ವಿಷಯವಂತೆ. ಒಬ್ಬೊಬ್ಬರನ್ನೇ ಕರೆದು ಪ್ರಶ್ನೆ ಕೇಳಲು ಮ್ಯಾನೇಜರ್ ತನ್ನ ಪಕ್ಕದ ಕೋಣೆಯನ್ನೇ ಬಿಟ್ಟುಕೊಟ್ಟ. ಸೊಸೆಯ ಸರದಿ ಬಂದಾಗ ಮೇಡಂ ಎದ್ದು ನಿಂತು ಕುರ್ಚಿ ಎಳೆದು, "ಕೂತ್ಕೊಳ್ಳಿ," ಎಂದಳು. ಒಂದು ಲೋಟ ನೀರು ಮುಂದಿಟ್ಟಳು. ಹದಿಮೂರು ವರ್ಷದಲ್ಲಿ ಆ ಕಟ್ಟಡದಲ್ಲಿ ಸೊಸೆಗೆ 'ಕೂತ್ಕೊಳ್ಳಿ' ಎಂದವರು ಯಾರೂ ಇರಲಿಲ್ಲ. ಕುರ್ಚಿಯ ಅಂಚಿಗೆ ಕೂತಳು.

"ನಿಮಗೆ ಒತ್ತಡ ಎಷ್ಟಿದೆ? ಒಂದರಿಂದ ಐದರೊಳಗೆ ಹೇಳಿ."

"ಅದು ಮೇಸ್ತ್ರಿ ನೋಡ್ಕೋತಾರೆ ಮೇಡಂ. ಮುಳ್ಳು ಕೆಂಪಿಗೆ ಬಂದ್ರೆ ಹಬೆ ಬಿಡ್ತಾರೆ."

ಮೇಡಂ ನಕ್ಕಳು. ಒಳ್ಳೆಯ ನಗು. "ಯಂತ್ರಕ್ಕಲ್ಲ, ನಿಮಗೆ."

"ನಮಗೆ ಮುಳ್ಳಿಲ್ವಲ್ಲ ಮೇಡಂ."

ಮೇಡಂ ಅದನ್ನು ಬರೆದುಕೊಂಡಳು. ಆಮೇಲೆ ಪೆನ್ನು ಕೆಳಗಿಟ್ಟು, "ಬೇರೆ ಲಾಂಡ್ರಿಗಳಲ್ಲಿ ವರ್ಷಕ್ಕೆ ಅರ್ಧ ಜನ ಬಿಟ್ಟುಹೋಗ್ತಾರೆ. ನಿಮ್ಮ ರೋಲರ್‌ನಲ್ಲಿ ಒಬ್ಬರೂ ಬಿಟ್ಟಿಲ್ಲ. ಹೇಗೆ ತಡ್ಕೊಳ್ತೀರಿ? ನಿಮ್ಮ ಹೆಸರು ಎಲ್ಲೂ ಬರಲ್ಲ. ಯಾರಿಗೂ ಗೊತ್ತಾಗಲ್ಲ," ಎಂದಳು.

ಸೊಸೆ ನೀರು ಕುಡಿದಳು. ಆಮೇಲೆ ಹೇಳುತ್ತಾ ಹೋದಳು. ಅತ್ತೆಯ ಬೆರಳು, ರೇಡಿಯೋ ಕೆಮ್ಮು, ಚೀಲಗಳ ಹಿಂದಿನ ಗುಬ್ಬಿ, ಎಲ್ಲವನ್ನೂ. ಹೇಳುತ್ತಾ ಹೇಳುತ್ತಾ ಎದೆ ಉಬ್ಬಿತು. ತಾವೈವರು ಕಟ್ಟಿಕೊಂಡದ್ದು ಎಂಥ ದೊಡ್ಡ ಕೆಲಸವೆಂದು ಅವಳಿಗೆ ಗೊತ್ತಾದದ್ದೇ ಆವಾಗ. ಮೇಡಂಳ ಕಣ್ಣು ಒದ್ದೆಯಾಗಿತ್ತು. "ಇದು ಅದ್ಭುತ," ಎಂದಳು.

ಎರಡು ತಿಂಗಳ ನಂತರ ಮ್ಯಾನೇಜರ್ ಎಲ್ಲರನ್ನೂ ರೋಲರುಗಳ ನಡುವೆ ನಿಲ್ಲಿಸಿದ. ಕೈಯಲ್ಲಿ ಮೇಡಂ ಬರೆದ ದಪ್ಪ ರಟ್ಟಿನ ಪುಸ್ತಕ.

"ನಮ್ಮ ಲಾಂಡ್ರಿ ಬಗ್ಗೆ ಎಷ್ಟು ಹೊಗಳಿದಾರೆ ಗೊತ್ತಾ? ಒಬ್ಬರಿಗೊಬ್ಬರು ಹೆಗಲು ಕೊಡ್ತೀರಂತೆ. ಐವರ ಕೆಲಸ ನಾಲ್ವರೇ ಮಾಡಿ ಮುಗಿಸ್ತೀರಂತೆ." ಆತ ಪುಸ್ತಕ ಮುಚ್ಚಿದ. "ಹಾಗಾದ್ರೆ ಐದನೆಯವರಿಗೆ ನಾನ್ಯಾಕೆ ಸಂಬಳ ಕೊಡ್ತಿದೀನಿ?"

ಆತ ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಬಂದ.

"ಯಾರು ಐದನೆಯವರು ಅಂತ ನಾನು ಹೇಳಲ್ಲ. ಅನ್ಯಾಯ ಆಗ್ಬಾರ್ದು. ಒಬ್ಬೊಬ್ಬರೇ ಅರ್ಧ ಗಂಟೆ ಉರುಳೆಗೆ ಉಣಿಸಿ. ಉಳಿದವರು ಆ ಹಳದಿ ಗೆರೆಯಿಂದ ಆಚೆ. ಕೈ ಹಾಕಿದವರಿಗೆ ಅವತ್ತೇ ಕೊನೇ ದಿನ."

ರೇಡಿಯೋ ಸೊಸೆಯ ಕಡೆ ತಿರುಗಿದಳು. "ಬಾಯಿ ಬಿಟ್ಟವಳು ನೀನಾ?"

ಸೊಸೆ ನೆಲ ನೋಡಿದಳು. ಅಷ್ಟು ಸಾಕಾಯಿತು.

ಏಣಿ ಮುಗಿಸಿದಳು, ಗುಬ್ಬಿ ಸ್ಟೂಲಿನ ಮೇಲೆ ನಿಂತು ಹೇಗೋ ಮುಗಿಸಿದಳು. ಆಮೇಲೆ ಅತ್ತೆ.

"ಸಾಹೇಬ್ರೇ, ಅತ್ತೆ ಮಡಚೋ ಮೇಜಿನವಳು," ಎಂದು ಸೊಸೆ ಕೈಮುಗಿದಳು. "ಅವಳಿಗೆ ಉರುಳೆ ಬೇಡ. ನಂದೊಂದು ಅರ್ಧ ಗಂಟೆ ಜಾಸ್ತಿ ಮಾಡ್ತೀನಿ."

"ನೋಡಿದ್ಯಾ?" ಮ್ಯಾನೇಜರ್ ಮೇಸ್ತ್ರಿಗೆ ಹೇಳಿದ. "ಪುಸ್ತಕದಲ್ಲಿರೋದು ಇದೇ."

ಮೇಸ್ತ್ರಿ ತೋಳನ್ನು ಅಡ್ಡಗಂಬದಂತೆ ಚಾಚಿ ಸೊಸೆಯನ್ನು ಗೆರೆಯ ಹಿಂದೆ ತಳ್ಳಿದ. "ನಿಂತ್ಕೊಳ್ಳೇ ಹಡಬೆ."

ಅತ್ತೆ ಒಬ್ಬಳೇ ನಿಂತಳು. ಹನ್ನೆರಡು ಹಾಸು ಉಣಿಸಿದಳು. ಬೆರಳಿಗೆ ಗೊತ್ತಾಗದ್ದನ್ನು ಕಣ್ಣಿನಿಂದ ಅಳೆಯುತ್ತಾ, ಅಂಚು ಎಲ್ಲಿದೆ, ಕೈ ಎಲ್ಲಿದೆ ಎಂದು ಬಗ್ಗಿ ನೋಡುತ್ತಾ. ಹಬೆಗೆ ಕಣ್ಣಲ್ಲಿ ನೀರಿಳಿಯುತ್ತಿತ್ತು. ಹದಿಮೂರನೆಯ ಹಾಸಿನ ಜೊತೆ ಬಲಗೈಯೂ ಒಳಗೆ ಹೋಯಿತು.

ಮೊದಲು ಬಂದದ್ದು ವಾಸನೆ.

"ಅತ್ತೇ, ಕೈ!"

ಅತ್ತೆ ತಿರುಗಿ ಸೊಸೆಯ ಮುಖ ನೋಡಿದಳು, ಕೈ ನೋಡಲಿಲ್ಲ. "ಏನಾಯ್ತೇ?" ಎಂದು ಕೇಳಿದಳು, ಮನೆಯಲ್ಲಿ ಕೇಳುವ ಹಾಗೆ. ಅಷ್ಟರಲ್ಲಿ ಭುಜ ಜಗ್ಗಿತು. ಮೇಸ್ತ್ರಿಯ ತೋಳಿನಡಿ ನುಸುಳಿ ರೇಡಿಯೋ ಕೆಂಪು ಹಗ್ಗ ಎಳೆದಳು. ಉರುಳೆ ನಿಂತಿತು. ಅತ್ತೆಯ ಬೆರಳುಗಳು ಹಾಸುಬಟ್ಟೆಗೆ ಅಂಟಿಕೊಂಡು ಆಚೆ ಬದಿಗೆ ಬಂದಿದ್ದವು, ಇಸ್ತ್ರಿಯಾಗಿ.

ಮ್ಯಾನೇಜರ್ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಹೇಳಿದ: "ಆ ಬಟ್ಟೆ ಬೇರೆ ಇಡಿ. ಉಳಿದದ್ದಕ್ಕೆ ತಾಗಿಸ್ಬೇಡಿ."

ಅದೇ ಆಸ್ಪತ್ರೆಯ ಮಂಚದ ಮೇಲೆ, ತಾನೇ ಮಡಚಿದ್ದಿರಬಹುದಾದ ಹಾಸಿನ ಮೇಲೆ ಅತ್ತೆ ಆರು ದಿನ ಮಲಗಿದಳು. ಮೂರು ಬೆರಳು ಹೋದವು. ಪರಿಹಾರ ಕೇಳಲು ಹೋದಾಗ ಮ್ಯಾನೇಜರ್ ಇಬ್ಬರನ್ನೂ ನಿಲ್ಲಿಸಿಕೊಂಡೇ ಮಾತಾಡಿದ.

"ಕೈಯಲ್ಲಿ ಕಾಯಿಲೆ ಇಟ್ಕೊಂಡು ಮುಚ್ಚಿಟ್ಟು ಕೆಲಸ ಮಾಡಿದೀಯ. ಪರಿಹಾರ ಬೇರೆ ಕೇಡು."

"ಯಾರು ಹೇಳಿದ್ದು ಕಾಯಿಲೆ ಅಂತ?" ಅತ್ತೆ ಕೇಳಿದಳು.

ಆತ ಪುಸ್ತಕ ತೆರೆದು ಓದಿದ. "'ಎರಡನೇ ರೋಲರ್‌ನ ಒಬ್ಬ ಸೊಸೆ ಹೇಳುವಂತೆ, ಅವಳ ಅತ್ತೆಯ ಬೆರಳುಗಳಿಗೆ ಎರಡು ವರ್ಷದಿಂದ ಸ್ಪರ್ಶವಿಲ್ಲ. ನಾವು ಯಾರಿಗೂ ಗೊತ್ತಾಗದಂತೆ ನೋಡಿಕೊಳ್ಳುತ್ತೇವೆ ಎನ್ನುತ್ತಾಳೆ ಆಕೆ.' ಹೆಸರಿಲ್ಲ ನೋಡು. ನಿಯಮ ಅಂದ್ರೆ ನಿಯಮ." ಅವನಿಗೆ ನಗು ತಡೆಯಲಾಗಲಿಲ್ಲ. "ಎರಡನೇ ರೋಲರ್‌ನಲ್ಲಿ ಎಷ್ಟು ಜನ ಅತ್ತೆ ಸೊಸೆ ಇದೀರಮ್ಮಾ?"

ಮನೆಯಲ್ಲಿ ಸೊಸೆ ತುತ್ತು ಕಲಸಿ ಅತ್ತೆಯ ಬಾಯಿಗೆ ಹಿಡಿದಳು. ಅತ್ತೆ ಬಾಯಿ ತೆರೆಯಲಿಲ್ಲ.

"ಬೈದ್ಬಿಡು ಅತ್ತೆ. ಒಂದ್ಸಲ ಬಾಯ್ತುಂಬ ಬೈದ್ಬಿಡು."

"ನೀನು ಹೇಳಿದ್ದು ಸುಳ್ಳಾ?"

"ಇಲ್ಲ."

"ಮತ್ಯಾಕೆ ಬೈಲಿ?" ಅತ್ತೆ ಗೋಡೆಯ ಕಡೆ ತಿರುಗಿದಳು. ಗೋಡೆ ನೋಡುತ್ತಲೇ ಅಂದಳು: "ಒಂದು ಲೋಟ ನೀರು ಕೊಟ್ಳಂತಲ್ಲ, ಅದಕ್ಕೆ ಕರಗಿಹೋದ್ಯಲ್ಲೇ. ಹದಿಮೂರು ವರ್ಷ ನಾನು ಅನ್ನ ಹಾಕಿದೀನಿ. ಒಂದು ದಿನ ನಿನ್ನ ಕೂರಿಸಿ, ಹೆಂಗಿದೀಯೇ ಅಂತ ಕೇಳಿದ್ದಿದ್ರೆ ನೀನು ಅಲ್ಲಿ ಹೋಗಿ ಹೇಳ್ತಿದ್ದಿಲ್ಲ."

ಬೈದಿದ್ದರೆ ಚೆನ್ನಾಗಿತ್ತು. ಸೊಸೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಮರಳಿಸಿದಳು.

ಅಪಘಾತ ನೋಡಿದವರ ಮನಸ್ಸು ಗಟ್ಟಿ ಮಾಡಬೇಕೆಂದು ಪ್ರಶ್ನೆ ಮೇಡಂ ಮತ್ತೆ ಬಂದಳು. ಊಟದ ಬಿಡುವಿನಲ್ಲೇ, ಊಟ ಬಿಟ್ಟು. ಕುರ್ಚಿಗಳನ್ನು ದುಂಡಗೆ ಜೋಡಿಸಿದ್ದರು. ಸೊಸೆಯ ಎಡಕ್ಕೂ ಬಲಕ್ಕೂ ಕುರ್ಚಿ ಖಾಲಿ ಉಳಿದವು. ಕಣ್ಣು ಮುಚ್ಚಿ ಉಸಿರೆಳೆಯಲು ಹೇಳಿಕೊಟ್ಟ ಮೇಡಂ ಕೇಳಿದಳು, "ಈ ನೋವಿನಿಂದ ನೀವು ಏನು ಕಲಿತಿರಿ?"

"ಬಾಯಿ ಮುಚ್ಕೊಂಡಿರೋದು ಕಲಿತ್ವಿ ಮೇಡಂ," ಎಂದಳು ರೇಡಿಯೋ. ಆ ದಿನ ಅವಳಾಡಿದ್ದು ಅದೊಂದೇ ಮಾತು.

ಸೊಸೆ ಎದ್ದು ನಿಂತಳು. "ಮೇಡಂ, ಆ ಪುಸ್ತಕದಿಂದ ನನ್ನ ಮಾತು ತೆಗೀರಿ."

ಮೇಡಂಳ ಮುಖ ಕಪ್ಪಿಟ್ಟಿತು. "ಅವರು ಹೀಗೆ ಬಳಸ್ತಾರೆ ಅಂತ ನನಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ. ಆದ್ರೆ ಅಚ್ಚಾಗಿಬಿಟ್ಟಿದೆ."

"ನನ್ನ ಮಾತಲ್ವಾ? ನನಗೆ ವಾಪಸ್ ಕೊಡಿ."

"ನಿಮಗೆ ಈಗ ಏನನ್ನಿಸ್ತಿದೆ ಹೇಳಿ," ಎಂದಳು ಮೇಡಂ ಮೆದುವಾಗಿ. ಅವಳ ಪೆನ್ನು ತನ್ನಷ್ಟಕ್ಕೆ ಹಾಳೆಯ ಮೇಲೆ ಇಳಿದಿತ್ತು.

ಸೊಸೆ ಬಾಯಿ ಮುಚ್ಚಿದಳು.

ಬಿಡುವು ಮುಗಿದು ಉರುಳೆ ತಿರುಗಿತು. ಈಗ ನಾಲ್ವರು. ಉಣಿಸಲು ಸೊಸೆ ಒಬ್ಬಳೇ, ಎಳೆಯಲು ಏಣಿ ಮತ್ತು ರೇಡಿಯೋ, ಮಡಚಲು ಗುಬ್ಬಿ. ಹಿಂಡುವ ಯಂತ್ರದಿಂದ ಒದ್ದೆ ಹಾಸುಗಳು ಓಡುವ ಪಟ್ಟಿಯ ಮೇಲೆ ಒಂದರ ಹಿಂದೊಂದು ಬಂದು ಅವಳ ಮುಂದೆ ಬಿದ್ದವು. ಒಂದರ ಅಂಚು ಹಿಡಿದಳು. ಬಿಟ್ಟಳು. ಉರುಳೆಯ ಎದುರಿಗೇ, ಹಳದಿ ಗೆರೆಯ ಮೇಲೆ ಕಾಲು ಚಾಚಿ ನೆಲಕ್ಕೆ ಕೂತುಬಿಟ್ಟಳು. ಚೀಲದ ಮರೆಯಲ್ಲಲ್ಲ, ನಟ್ಟನಡುವೆ.

"ಏಳೇ!" ಮೇಸ್ತ್ರಿ ಓಡಿಬಂದ. "ಏನು, ಮೈಯಲ್ಲಿ ಕೊಬ್ಬಾ?"

ಆಕೆ ಅಲುಗಲಿಲ್ಲ. ಅವನು ಬೂಟುಗಾಲಿನಿಂದ ಸೊಂಟಕ್ಕೆ ಒದ್ದ. ಆಕೆ ಒಂದು ಕೈಯೂರಿ ವಾಲಿದವಳು ಮತ್ತೆ ನೆಟ್ಟಗೆ ಕೂತಳು.

"ಬಿದ್ದಿರ್ಲಿ ರಂಡೆ. ನೀವು ಮೂವರು ಇವಳ ಪಾಲು ಎತ್ಕೊಳ್ರೇ! ಹೆಗಲು ಕೊಡ್ತೀರಂತಲ್ಲ, ಕೊಡ್ರಿ ಈಗ!"

ಏಣಿ ರೇಡಿಯೋಳನ್ನು ನೋಡಿದಳು. ರೇಡಿಯೋ ಗುಬ್ಬಿಯನ್ನು. ಗುಬ್ಬಿ ಮಡಚುತ್ತಿದ್ದ ಹಾಸನ್ನು ಮೇಜಿನ ಮೇಲಿಟ್ಟು, ಎರಡೂ ಕೈಗಳನ್ನು ಸೆರಗಿಗೆ ಒರೆಸಿಕೊಂಡು, ಸುಮ್ಮನೆ ನಿಂತಳು. ಏಣಿಯ ಉದ್ದನೆಯ ತೋಳುಗಳು ಪಕ್ಕದಲ್ಲಿ ಜೋತುಬಿದ್ದವು. ಒಬ್ಬಳೂ ಬಗ್ಗಲಿಲ್ಲ.

ಅವರು ನಿಂತದ್ದು ತನ್ನ ಪರವಾಗಿಯೋ, ತನ್ನ ಮೇಲಿನ ಸಿಟ್ಟಿಗೋ ಸೊಸೆಗೆ ತಿಳಿಯಲಿಲ್ಲ. ಕತ್ತೆತ್ತಿ ಅವರ ಮುಖ ನೋಡುವ ಧೈರ್ಯ ಆಗಲಿಲ್ಲ. ಒದ್ದೆ ಹಾಸುಗಳು ಪಟ್ಟಿಯಿಂದ ಉರುಳಿ ಅವಳ ಕಾಲ ಮೇಲೆ, ತೊಡೆಯ ಮೇಲೆ ಬೀಳುತ್ತಿದ್ದವು. ಮೇಲಿನ ಆಸ್ಪತ್ರೆಯಿಂದ ಹಾಸು ಕೇಳಿಕೊಂಡು ಗಂಟೆ ಬಾರಿಸತೊಡಗಿದರು. ಮೇಸ್ತ್ರಿ ಕಿರುಚುತ್ತಲೇ ಇದ್ದ, "ಎತ್ಕೊಳ್ರೇ, ಎತ್ಕೊಳ್ರೇ!" ರಾಶಿ ಅವಳ ಎದೆಯ ಮಟ್ಟಕ್ಕೆ ಬಂದಿತ್ತು.