ನೇರಳೆ ಬಣ್ಣದ ತಾಳಿ

ಕೊಟ್ಟೂರು ಬಜಾರಿನ ಚರಿತ್ರೆ ಬರೆಯುವವರು ೧೯೯೭ರ ಬೇಸಿಗೆಯನ್ನು ಬಿಡುವಂತಿಲ್ಲ. ಆ ವರ್ಷ ಪಂಪಮ್ಮನ ಸವೆದ ಕಾಲುಂಗುರವೊಂದು ಅಕ್ಕಸಾಲಿಗನ ಮೂಸೆಗೆ ಬಿತ್ತು.

ಮಗಳ ತಾಳಿಗೆ ಚಿನ್ನ ಕರಗಿಸುವಾಗ ತಾಯಿ ತನ್ನ ಬೆಳ್ಳಿ ಕಾಲುಂಗುರದ ಚೂರೊಂದನ್ನು ಅದಕ್ಕೆ ಸೇರಿಸುವುದು ಆ ಮನೆಯ ಪದ್ಧತಿ. ಅಕ್ಕಸಾಲಿಗನ ಕೈಯಿಂದ ಕಣ್ಣು ತೆಗೆಯದಿರುವುದು ಎಲ್ಲ ಮನೆಗಳ ಪದ್ಧತಿ.

ಮದುವೆಯ ಹಿಂದಿನ ದಿನ ಮನೆಗೇ ಬಂದು ಕೂತಿದ್ದ ಅಕ್ಕಸಾಲಿಗ ಪಾಲಾಕ್ಷಪ್ಪನಿಗೆ ಉಂಗುರ ಎತ್ತಿಕೊಂಡ ಕೂಡಲೇ ತಿಳಿಯಿತು: ಬೆಳ್ಳಿಯಲ್ಲ, ಅಲ್ಯೂಮಿನಿಯಂ. ಅವನು ಪಂಪಮ್ಮನ ಗಂಡನಾದ ನಾಗಪ್ಪನತ್ತ ನೋಡಿದ. ಹಿಂದಿನ ವರ್ಷ ಹೊಳಪು ಹಾಕಿಸಿ ತರುತ್ತೇನೆಂದು ಉಂಗುರ ಒಯ್ದಿದ್ದ ನಾಗಪ್ಪ ಈಗ ಜಂತಿ ನೋಡುತ್ತ ಕೂತಿದ್ದ.

"ಇದು ಬ್ಯಾಡ ಬಿಡ್ರಿ, ಅವ್ವಾರ."

"ಯಾಕ? ನಿಮಗೇನರ ಕಮ್ಮಿ ಬೀಳತೈತೇನು?"

ಉಂಗುರವನ್ನು ಅಂಗೈಯಲ್ಲಿ ಅಡಗಿಸಿ ಬೇರೆ ಬೆಳ್ಳಿ ಹಾಕಬಹುದಿತ್ತು. ಊರೆಲ್ಲ ಅವನ ಕುಲದ ಮೇಲೆ ಹೊರಿಸುವ ಆ ಕೈಚಳಕವನ್ನು ಅವನು ಎಂದೂ ಮಾಡಿದವನಲ್ಲ. ಅದು ಬೇಕಾದ ಈ ದಿನ ಮನೆಮಂದಿಯೆಲ್ಲ ಕಾವಲಿದ್ದರು. ಬಾಯಿಬಿಟ್ಟರೆ ಮದುವೆಯ ಮನೆ ಒಡೆಯುತ್ತದೆ. ಬಿಡದಿದ್ದರೆ ತನ್ನ ಹೆಸರು ಹೋಗುತ್ತದೆ.

"ಚೂರು ಸಾಕ್ರಿ…"

"ಹೂವಿನಂಗ ಹಗುರ ಐತಿ, ಇಡೀದು ಬೀಳಲಿ ತಗೋರಿ," ಎಂದು ಪಂಪಮ್ಮ ಕಸಿದು ಮೂಸೆಗೆ ಹಾಕಿಯೇ ಬಿಟ್ಟಳು.

ಆರಿದ ಚಿನ್ನದ ಗಟ್ಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಸುತ್ತಿಗೆ ತಾಗಿದ್ದೇ ಬಳೆಚೂರಿನಂತೆ ಒಡೆಯಿತು.

ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವ ಪಂಪಮ್ಮನ ತಮ್ಮ ಅರುಣಕುಮಾರ್ ಚೂರನ್ನು ಬೆಳಕಿಗೆ ಹಿಡಿದ. ಅವನಿಗೆ ಸಂತೋಷ ತಡೆಯಲಾಗಲಿಲ್ಲ.

"ಅಕ್ಕಾ, ಲೋಹ ಅಂದ್ರ ಎಲೆಕ್ಟ್ರಾನ್ ಕೊಡೋ ಪೈಕಿ. ಬಂಗಾರ ಹಂಗಲ್ಲ. ಅಲ್ಯೂಮಿನಿಯಂ ಸಿಕ್ರ ಅದರ ಎಲೆಕ್ಟ್ರಾನ್ ತನ್ನ ಕಡಿ ಎಳಕೊಂಡು ಮೈನಸ್ ಆಗಿ ಕುಂದರತೈತಿ. ಇದು ಬರೇ ಬೆರಕಿ ಅಲ್ಲ, ಎರಡೂ ಲೋಹ ಕಟ್ಟಿಕೊಂಡು ಆದ ಹೊಸಾ ಸಂಯುಕ್ತ. ಅದಕ್ಕ ಈ ಬಣ್ಣ, ಅದಕ್ಕ ಒಡಿತು."

"ಎಳಕೊಂಡಿದ್ದನ್ನ ಬಿಡಸೋ ಹಂಗಾರ!" ಎಂದಳು ಪಂಪಮ್ಮ.

"ಬಿಡಸಬೌದು. ನಾಳಿ ಮುಹೂರ್ತಕ್ಕ ಆಗಂಗಿಲ್ಲ." ಆಮೇಲೆ, ಮೇಷ್ಟ್ರ ಚಾಳಿ, ಪ್ರಶ್ನೆ ಕೇಳಿದ: "ಅಲ್ಲಾ, ಇದರಾಗ ಅಲ್ಯೂಮಿನಿಯಂ ಎಲ್ಲಿಂದ ಬಂತು?"

ಎಲ್ಲರೂ ಪಾಲಾಕ್ಷಪ್ಪನ ಕೈ ನೋಡಿದರು. ಪಾಲಾಕ್ಷಪ್ಪ ನಾಗಪ್ಪನನ್ನು ನೋಡಿದ. ನಾಗಪ್ಪ ಕೊನೆಗೂ ಜಂತಿಯಿಂದ ಕಣ್ಣಿಳಿಸಿ, "ಅವರ ಕಸುಬಿನ ಗುಟ್ಟು ನಮಗೇನು ಗೊತ್ತೋ ಮಾರಾಯ," ಎಂದ.

ಪಾಲಾಕ್ಷಪ್ಪ ಬಾಯಿ ತೆರೆದ. ಒಳಗೆ ಮದುಮಗಳಿಗೆ ಅರಿಶಿನ ಹಚ್ಚುತ್ತಿದ್ದ ಹೆಂಗಸರು ನಗುತ್ತಿದ್ದರು. ಬಾಯಿ ಮುಚ್ಚಿದ.

ಮರುದಿನ ಅರಿಶಿನದ ಕೊಂಬು ಕಟ್ಟಿ ಮದುವೆ ಮುಗಿಸಿದರು. ಕೊಟ್ಟೂರಿನಲ್ಲಿ ಪಾಲಾಕ್ಷಪ್ಪನ ಕೈಗೆ ಆಮೇಲೆ ಯಾರೂ ಚಿನ್ನ ಕೊಡಲಿಲ್ಲ.