ಅಕ್ಕನ ಬ್ಯಾಟ್ರಿ

ಮೂರನೇ ಮಹಡಿಗೂ ನಾಲ್ಕನೇ ಮಹಡಿಗೂ ನಡುವೆ ನಿಂತಿದ್ದ ಲಿಫ್ಟಿನ ತಲೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ಬಾಗಿಲಿನ ರೋಲರಿಗೆ ಕೈ ಹಾಕಿದ್ದೆ. ಟಾರ್ಚು ಪಟ್ಟನೆ ಆರಿಹೋಯಿತು. ಮಂಕಾಗಲಿಲ್ಲ, ಮಿಣುಕಲೂ ಇಲ್ಲ. ಈ ಲಿಥಿಯಂ ಸೆಲ್ಲುಗಳ ಬುದ್ಧಿಯೇ ಅಷ್ಟು. ಕೊನೆಯ ಗಳಿಗೆಯವರೆಗೂ ಜೋರಾಗಿ ಉರಿದು ಹೇಳದೆ ಕೇಳದೆ ಕೈಕೊಡುತ್ತವೆ. ಕಾಲು ಗಂಟೆ ಆ ಕತ್ತಲಲ್ಲಿ ಅಲ್ಲಾಡದೆ ಕೂತು ತಮ್ಮನನ್ನು ಕೂಗಿದೆ. ಆ ಮಹಾರಾಯ ಕೆಳಗೆ ಕಟ್ಟಡದ ಕಾವಲುಗಾರನ ಜೊತೆ ಹರಟೆ ಹೊಡೆಯುತ್ತಿದ್ದ. ಮೂವತ್ತು ವರ್ಷದಿಂದ ಲಿಫ್ಟ್ ರಿಪೇರಿ ಮಾಡುತ್ತಿರುವವಳು ನಾನು. ಹೆದರಿದೆ ಅಂತ ಯಾರಿಗೂ ಹೇಳಿಲ್ಲ. ಹೆದರಿದ್ದೆ.

ನಮ್ಮ ರಿಪೇರಿ ಅಂಗಡಿಗೆ ಬಂದದ್ದೇ ತಮ್ಮ ಶುರು ಹಚ್ಚಿಕೊಂಡ.

"ನಿನ್ನ ಅಗ್ಗದ ಸೆಲ್ಲಿನ ಯೋಗ್ಯತೆ ನೋಡಿದ್ಯಾ ಅಕ್ಕಾ? ನಂದು ನೋಡು, ಹೆಸರಿರೋ ಕಂಪನಿದು. ಮೂರು ವಾರ ಆಯ್ತು ಹಾಕಿ, ಹೆಂಗೆ ಉರೀತಿದೆ!" ಅಂತ ತನ್ನ ಟಾರ್ಚನ್ನು ನೇರ ನನ್ನ ಮುಖಕ್ಕೇ ಬಿಟ್ಟ.

ಇಬ್ಬರ ಟಾರ್ಚೂ ಒಂದೇ ದಿನ ಒಂದೇ ಅಂಗಡಿಯಲ್ಲಿ ತಂದವು, ಅವಳಿ ಜವಳಿ. ಒಳಗಿನದು ಮಾತ್ರ ಬೇರೆ. ಅವನದಕ್ಕೆ ಚಿನ್ನದ ಬಣ್ಣದ ಪಟ್ಟಿಯ ದುಬಾರಿ ಸೆಲ್ಲು, ನನ್ನದಕ್ಕೆ ನೀಲಿ ಕಾಗದ ಸುತ್ತಿದ ಅಗ್ಗದ್ದು. ಅವನು ಎರಡು ಕೊಳ್ಳುವ ದುಡ್ಡಿಗೆ ನನಗೆ ಎಂಟು ಬರುತ್ತವೆ. ಬುದ್ಧಿ ಇರುವವರು ಯಾವುದು ತರುತ್ತಾರೆ ನೀವೇ ಹೇಳಿ.

ಅಷ್ಟಕ್ಕೆ ಬಿಟ್ಟಿದ್ದರೆ ನಾನೂ ಬೈದು ಸುಮ್ಮನಾಗುತ್ತಿದ್ದೆ. ಅವನು ಬಾಗಿಲ ಪಕ್ಕದ ಫೋನ್ ಮೇಜಿನ ಚಕ್ರದ ಕುರ್ಚಿ ತೋರಿಸಿದ.

"ಸಾಕಕ್ಕ, ಐವತ್ತೆಂಟು ಆಯ್ತು ನಿಂಗೆ. ಇನ್ಮೇಲೆ ಹತ್ತೋದು ಬೇಡ. ಇಲ್ಲಿ ಕೂತು ಫೋನ್ ತಗೋ."

ನನ್ನ ಮೈಯೆಲ್ಲ ಉರಿದುಹೋಯಿತು. ಆ ಕುರ್ಚಿ ನನಗೆ ಬೇಡ. ಹಗ್ಗದ ಸದ್ದು ಕೇಳಿಯೇ ಯಾವ ಗಾಲಿ ಸವೆದಿದೆ ಅಂತ ಹೇಳುವ ಕಿವಿ ನನ್ನದು. ಅದನ್ನು ಫೋನಿಗೆ ಅಂಟಿಸಿಕೊಂಡು "ಹಲೋ ಹಲೋ" ಅನ್ನುತ್ತ ಕೂರಲೇ?

"ಪರೀಕ್ಷೆ ಆಗ್ಲಿ," ಅಂದೆ. "ಎರಡಕ್ಕೂ ಹೊಸ ಸೆಲ್ಲು, ನಂದಕ್ಕೆ ನಂದು, ನಿಂದಕ್ಕೆ ನಿಂದು. ಒಟ್ಟಿಗೆ ಹಚ್ಚೋಣ. ನಂದು ಮೊದಲು ಆರಿದ್ರೆ ಕುರ್ಚಿ. ನಿಂದು ಆರಿದ್ರೆ ಈ ಮಾತು ಇನ್ನೊಂದ್ಸಲ ಬಾಯಲ್ಲಿ ಬರಬಾರ್ದು."

"ಆಯ್ತು," ಅಂದ. ಗೆದ್ದೇಬಿಟ್ಟವನ ಹಾಗೆ ನಗು ಬೇರೆ.

ಮರುದಿನ ಬೆಳಿಗ್ಗೆ ಪರೀಕ್ಷೆ, ತೀರ್ಪಿಗೆ ಅಮ್ಮ. ಎಂಬತ್ತೆರಡರಲ್ಲೂ ದಿನಾ ಅಂಗಡಿಗೆ ಬಂದು ಸ್ಕ್ರೂ, ನಟ್ಟು ಬೇರೆಬೇರೆ ಡಬ್ಬಿಗೆ ಹಾಕುವವಳು. "ನೀವಿಬ್ರೂ ಕಳ್ರು. ಬ್ಯಾಟ್ರಿ ಒಳಗಿನ ಶೆಲ್ಲು ನಾನೇ ತೆಗೀತೀನಿ," ಅಂತ ಕನ್ನಡಕ ಏರಿಸಿ ಎರಡೂ ಟಾರ್ಚು ಬಿಚ್ಚಿದಳು. ಹಳೆಯ ಸೆಲ್ಲುಗಳನ್ನು ಎರಡು ಡಬ್ಬಿಯ ಮುಚ್ಚಳಗಳಲ್ಲಿ ಬೇರೆಬೇರೆ ಇಟ್ಟಳು. ನಾವು ಆ ಕಡೆ ಕಣ್ಣೂ ಹಾಯಿಸಲಿಲ್ಲ, ಗೋಡೆ ಗಡಿಯಾರ ಎರಡು ನಿಮಿಷ ಮುಂದೋ ಹಿಂದೋ ಅಂತ ಕಚ್ಚಾಡುತ್ತಿದ್ದೆವು. ನನ್ನದಕ್ಕೆ ನೀಲಿ, ಅವನದಕ್ಕೆ ಚಿನ್ನದ ಹೊಸ ಸೆಲ್ಲು ತುಂಬಿ, ಸರಿಯಾಗಿ ಹತ್ತು ಗಂಟೆಗೆ ಬಿಡಿಭಾಗದ ಬೀರುವಿನಲ್ಲಿ ಎರಡೂ ಟಾರ್ಚು ಹಚ್ಚಿ ಬಾಗಿಲು ಹಾಕಿದೆವು.

ಐದು ನಿಮಿಷಕ್ಕೊಮ್ಮೆ ಅವನು ಇಣುಕುವುದು, ಅವನೇನಾದರೂ ಮಾಡಿಯಾನು ಅಂತ ಹಿಂದೆಯೇ ನಾನು.

"ಹಂಗೆ ಬಾಗಿಲು ತೆಗೀತಾ ಇದ್ರೆ ಬೆಳಕೆಲ್ಲ ಆಚೆ ಹೋಗಿ ಬೇಗ ಖಾಲಿ ಆಗುತ್ತೆ ಕಣ್ರೋ!" ಅಂತ ಅಮ್ಮ ಗದರಿದಳು.

ಹನ್ನೊಂದೂವರೆ ದಾಟಿತು. ಎರಡೂ ಉರಿಯುತ್ತಿದ್ದವು. ಒಂದಕ್ಕೊಂದು ಕೂದಲಿನಷ್ಟೂ ವ್ಯತ್ಯಾಸವಿಲ್ಲ. ತಮ್ಮ ಉಗುರು ಕಚ್ಚತೊಡಗಿದ. ಹನ್ನೊಂದು ನಲವತ್ತೊಂದಕ್ಕೆ ಪಟ್ಟನೆ ಒಂದು ಆರಿತು. ನನ್ನದು. ಅವನದು ಆರಿದಾಗ ನಲವತ್ತೊಂಬತ್ತು.

ಎಂಟು ನಿಮಿಷ! ಎಂಟು ನಿಮಿಷಕ್ಕೆ ನನ್ನ ಮೂವತ್ತು ವರ್ಷ ಹೋಯಿತು. ಕುಣಿಯುತ್ತಾನೆ ಅಂದುಕೊಂಡಿದ್ದೆ. ಅವನು ಒಂದು ಬಟ್ಟೆ ತಂದು ಆ ಕುರ್ಚಿಯ ಧೂಳು ಒರೆಸಿದ, ಕೈಯಿಡುವ ಜಾಗವನ್ನೂ ಬಿಡದೆ. ಕುಣಿದಿದ್ದರೇ ಚೆನ್ನಾಗಿತ್ತು.

ಮುಖ ತೋರಿಸಲಾರದೆ ಹಳೆಯ ಸೆಲ್ಲುಗಳನ್ನು ಕಸಕ್ಕೆ ಹಾಕುವ ನೆಪದಲ್ಲಿ ಮುಚ್ಚಳ ಎತ್ತಿಕೊಂಡೆ. ಎತ್ತಿದವಳು ಹಾಗೇ ನಿಂತೆ.

"ಅಮ್ಮಾ, ಇದು ಯಾರ ಟಾರ್ಚಿಂದ ತೆಗೆದದ್ದು?"

"ನಿಂದ್ರಿಂದಾನೇ."

ಮುಚ್ಚಳದಲ್ಲಿ ಚಿನ್ನದ ಪಟ್ಟಿಯವು ಎರಡು ಬಿದ್ದಿದ್ದವು. ಇನ್ನೊಂದು ಮುಚ್ಚಳದಲ್ಲಿ, ಅಂದರೆ ತಮ್ಮನ ಟಾರ್ಚಿನಿಂದ ತೆಗೆದವು, ನೀಲಿ ಕಾಗದದ ನನ್ನವು.

"ತೆಗೆಯೋವಾಗ ಅದಲು ಬದಲು ಮಾಡಿದೀಯ ಬಿಡಮ್ಮ," ಅಂದ ತಮ್ಮ.

"ಈಗ ನಾನೇನೂ ಮಾಡಿಲ್ಲ. ಮಾಡಿದ್ದು ಹೋದ ವಾರ, ಅದೂ ನೀನು ಹೇಳಿದ್ದಕ್ಕೆ." ಅಮ್ಮ ಸ್ಕ್ರೂ ಡಬ್ಬಿ ಕುಕ್ಕಿದಳು. "'ಅಕ್ಕನ ಬ್ಯಾಟರಿ ತೆಗೆದು ನಂದು ಇಡು, ಅವಳಿಗೆ ಹೇಳ್ಬೇಡ' ಅಂದ್ಯಾ ಇಲ್ವಾ? ಅವಳ ಬ್ಯಾಟ್ರಿ ನಿನ್ನ ಚೀಲಕ್ಕೆ, ನಿನ್ನ ಬ್ಯಾಟ್ರಿ ಅವಳ ಚೀಲಕ್ಕೆ ಇಟ್ಟೆ. ಹೇಳೂ ಇಲ್ಲ."

"ಅಯ್ಯೋ, ಬ್ಯಾಟರಿ ಅಂದ್ರೆ ಬ್ಯಾಟರಿ ಅಮ್ಮಾ! ಡ್ರಾಯರಲ್ಲಿ ಹೊಸ ಪ್ಯಾಕೆಟ್ ಇತ್ತಲ್ಲ, ಅದು! ಅವತ್ತು ಅವಳದು ಆರಿದಾಗ ನೀನು ಮರೆತೇಬಿಟ್ಟೆ ಅಂದ್ಕೊಂಡಿದ್ದೆ."

"ಅದು ಶೆಲ್ಲು! ಶೆಲ್ಲು ಅನ್ನೋಕೆ ನಿಂಗೇನು ಬಾಯಿ ನೋಯ್ತಿತ್ತಾ?"

ಅಮ್ಮನ ಕಾಲದವರಿಗೆ ಟಾರ್ಚೇ ಬ್ಯಾಟ್ರಿ, ಒಳಗೆ ಹೋಗುವುದು ಶೆಲ್ಲು. ಇವನಿಗೆ ಶೆಲ್ಲೇ ಬ್ಯಾಟರಿ. ಈ ಒಂದು ಮಾತಿನ ನಡುವೆ ಸಿಕ್ಕಿಕೊಂಡು ನಾನು ಕತ್ತಲಲ್ಲಿ ಕೂತಿದ್ದೆ. ಅಂದು ಕೈಕೊಟ್ಟದ್ದು ಅವನ ದುಬಾರಿ ಸೆಲ್ಲು. ನನ್ನ ಮುಖಕ್ಕೆ ಬಿಟ್ಟು ಮೆರೆದದ್ದು ನನ್ನ ಅಗ್ಗದ್ದು! ಬೈಗುಳ ಸಾಲುಗಟ್ಟಿ ನಾಲಿಗೆಯ ತುದಿಗೆ ಬಂದವು. ಆದರೆ ತಮ್ಮನ ಮುಖದಲ್ಲಿ ರಕ್ತವೇ ಇರಲಿಲ್ಲ.

"ನಾನು ಎರಡು ವಾರ ಉರಿಸಿ ಸವೆಸಿದ್ದು ನಿನ್ನ ಕೈಗೆ ಬಂತು," ಅಂದ. "ಅವತ್ತು ನನ್ನಿಂದಾನೇ ಆಗಿದ್ದು."

"ಕದ್ದುಮುಚ್ಚಿ ಹಾಕ್ಸೋಕೆ ಯಾಕೋ ಹೋದೆ?"

"ಹೇಳಿದ್ರೆ ಕೇಳ್ತಿದ್ಯಾ? ನೀನು ಮೇಲೆ ಹತ್ತಿದಾಗ್ಲೆಲ್ಲ ನಂಗೆ ಕೆಳಗೆ ಸುಮ್ನೆ ನಿಲ್ಲೋಕಾಗಲ್ಲ ಅಕ್ಕಾ. ಎದೆ ಹೊಡ್ಕೊಳ್ಳುತ್ತೆ. ಅದಕ್ಕೇ ಯಾರ ಹತ್ರಾನಾದ್ರೂ ಹರಟೆ ಹೊಡೀತಿರ್ತೀನಿ."

ಕೈಯಲ್ಲಿದ್ದ ಮುಚ್ಚಳವನ್ನು ಸದ್ದಾಗದಂತೆ ಕೆಳಗಿಟ್ಟೆ. ನನಗೆ ಅದು ಅಪರೂಪ.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಒಪ್ಪಂದದ ಪ್ರಕಾರ ನಾನೇ ಹೋಗಿ ಕುರ್ಚಿಯಲ್ಲಿ ಕೂರಬೇಕು. ಕಾಲು ಏಳಲಿಲ್ಲ. ತಮ್ಮನೂ ಕದಲಲಿಲ್ಲ. ಅಮ್ಮ ಎದ್ದು ಹೋಗಿ ಅದರಲ್ಲಿ ಕೂತು, "ಒರೆಸಿದ್ದು ಒಳ್ಳೇದಾಯ್ತು" ಅಂದು ಫೋನ್ ಎತ್ತಿದಳು. "ಹಾಂ. ಲಿಫ್ಟ್ ನಿಂತಿದ್ಯಾ? ಒಳಗೆ ಯಾರೂ ಇಲ್ವಲ್ಲ? ಬರ್ತಾರೆ. ಇಬ್ರೂ ಬರ್ತಾರೆ." ಫೋನಿಟ್ಟು ತಮ್ಮನನ್ನು ದುರುಗುಟ್ಟಿ ನೋಡಿದಳು. "ಅವಳ ಕೈಲಿ ಎರಡು ಬ್ಯಾಟ್ರಿ ಕೊಡು. ಎರಡಕ್ಕೂ ಹೊಸ ಶೆಲ್ಲು. ಅರ್ಥ ಆಯ್ತಾ?"

"ಆಯ್ತಮ್ಮ," ಅಂದ ತಮ್ಮ.

ಹಾಗೆ ಅದೇ ಮಧ್ಯಾಹ್ನ ಮತ್ತೆ ಲಿಫ್ಟಿನ ತಲೆಯ ಮೇಲಿದ್ದೆ. ಕೈಯಲ್ಲಿ ನೀಲಿಯದು, ಜೇಬಿನಲ್ಲಿ ಚಿನ್ನದ್ದು. ಎರಡು ಮಹಡಿ ಕೆಳಗೆ ತಮ್ಮ ಲಿಫ್ಟಿನ ಬಾಗಿಲ ಸಂದಿಯಲ್ಲಿ ಕತ್ತೆತ್ತಿಕೊಂಡು ನಿಂತಿದ್ದ. ಇವತ್ತು ಹರಟೆ ಇಲ್ಲ.

"ಅಕ್ಕಾ, ಬೆಳಕಿದ್ಯಾ?"

"ಇದೆ ಕಣೋ."

ಎರಡು ನಿಮಿಷ ಕಳೆಯುವುದರೊಳಗೆ ಮತ್ತೆ, "ಅಕ್ಕಾ, ಬೆಳಕಿದ್ಯಾ?" ಹೀಗೆ ಐದು ಸಲ. ಕೆಲಸ ಮಾಡಲು ಬಿಟ್ಟರೆ ತಾನೇ? ಆರನೇ ಸಲ ಕೂಗಿದಾಗ ರೇಗಿಹೋಗಿ ಟಾರ್ಚು ಆರಿಸಿ ಸುಮ್ಮನೆ ಕೂತೆ.

ಮರುಕ್ಷಣ ಮೆಟ್ಟಿಲ ಮೇಲೆ ದಡದಡ ಓಟ, ಎರಡೆರಡು ಮೆಟ್ಟಿಲು ಒಟ್ಟಿಗೆ. ಐವತ್ತೆರಡು ವರ್ಷದ, ಡೊಳ್ಳುಹೊಟ್ಟೆಯ ನನ್ನ ತಮ್ಮ ಏದುಸಿರು ಬಿಡುತ್ತ ಮೇಲಿನ ಬಾಗಿಲಿಗೆ ಬಂದು ಕತ್ತಲೊಳಗೆ ಕೈ ಚಾಚಿದ.

ಎರಡೂ ಟಾರ್ಚು ಒಟ್ಟಿಗೆ ಹಚ್ಚಿ ಅವನ ಮುಖಕ್ಕೆ ಬಿಟ್ಟೆ. ಅವನ ಕಣ್ಣಲ್ಲಿ ನೀರಿತ್ತು.

"ಇದೆ ಕಣೋ," ಅಂದೆ.