ತಾಯಿ ಕಡೆಯವರಲ್ಲಿ ಯಾರಿಗಾದರೂ

ಏಳನೆಯ ದಿನ ಮೊಮ್ಮಗನಿಗೆ ನೀರು ಹಾಕುವಾಗ ಅವನ ಕಂಕುಳ ಕೆಳಗೆ ನಾಲ್ಕು ಕಪ್ಪು ಕಲೆ ಕಂಡೆ. ಹಿಂದಿನ ದಿನ ಎತ್ತಿಕೊಂಡಾಗ ನನ್ನದೇ ಬೆರಳು ಒತ್ತಿದ ಜಾಗ. ಇಂಥ ಕಲೆಗಳು ನನ್ನ ಮಗನ ಮೈಮೇಲೆ ಏಳುತ್ತಿದ್ದವು.

ಅವನು ಮೆಟ್ಟಿಲಿಂದ ಬಿದ್ದು ಹೋದ ಎಂದು ಎಲ್ಲರಿಗೂ ಹೇಳಿಕೊಂಡು ಬಂದವಳು ನಾನೇ. ಸುಳ್ಳು. ಆರು ವರ್ಷದ ಹುಡುಗ, ಸುನ್ನತಿಯಿನ್ನೂ ಆಗಿರಲಿಲ್ಲ, ಹಲ್ಲು ಕೀಳಿಸಿದ ಮೇಲೆ ರಕ್ತ ನಿಲ್ಲದೆ ತೀರಿಕೊಂಡ. ಇದು ತಾಯಿಯಿಂದ ಬರುವ ರೋಗ, ಮಗಳಿಗೆ ಗಂಡು ಹುಟ್ಟಿದರೆ ಜೋಪಾನ ಎಂದು ಆಗಿನ ಡಾಕ್ಟರು ಎಚ್ಚರಿಸಿದ್ದರು. ಮಗಳಿನ್ನೂ ತೊಟ್ಟಿಲಲ್ಲಿದ್ದಳು. ರೋಗದ ಮನೆಯ ಹೆಣ್ಣನ್ನು ಯಾರು ಮಾಡಿಕೊಳ್ಳುತ್ತಾರೆ ಎಂದು ಬಾಯಿಗೆ ಬೀಗ ಹಾಕಿಕೊಂಡೆ. ಅವಳಿಗೂ ಹೇಳಲಿಲ್ಲ. ನನ್ನ ಬುದ್ಧಿಗೆ ಬೆಂಕಿ ಹಾಕ.

ಮಗುವಿಗೆ ಬೇಗಬೇಗ ಅಂಗಿ ತೊಡಿಸಿ ಹೊರಗೆ ಬಂದೆ. ಬೀಗಿತ್ತಿ ನಾಳೆಯ ಸುನ್ನತಿಗೆ ಮೆತ್ತನೆಯ ಬಟ್ಟೆ ಮಡಿಸಿಡುತ್ತಿದ್ದರು.

"ಇನ್ನೊಂದೆರಡು ತಿಂಗಳು ತಡೀಬಾರ್ದಾ? ಮಗು ಸ್ವಲ್ಪ ಬಲೀಲಿ," ಎಂದೆ.

"ಎಳೇ ಮೈಯಲ್ಲಿ ಗಾಯ ಬೇಗ ಒಣಗುತ್ತೆ. ನಮ್ಮನೇಲಿ ಒಬ್ಬನಿಗೂ ಎಂಟನೇ ದಿನ ತಪ್ಪಿಲ್ಲ."

"ಮೂಗು ಬೇರೆ ಕಟ್ಟಿದೆ."

ಆಕೆ ಮಗುವಿನ ಮೂಗಿಗೆ ಕಿವಿಯಿಟ್ಟು ಕೇಳಿದರು. "ಕಟ್ಟಿರೋದು ನಿಮ್ಮ ಮೂಗಿರಬೇಕು," ಎಂದು ನಕ್ಕರು.

ಮಗಳೂ ನಕ್ಕಳು. ನಾನೂ ಹಲ್ಲು ಕಿರಿದೆ. ಆಗಲೇ ಹೇಳಬೇಕಿತ್ತು, ಹೇಳಲಿಲ್ಲ. ಹೇಳಿದರೆ ಮಗಳನ್ನು ಈ ಮನೆಯಲ್ಲಿ ಹೇಗೆ ನಡೆಸಿಕೊಳ್ಳುತ್ತಾರೋ ಎಂಬ ಹೆದರಿಕೆ.

ಮರುದಿನ ಕ್ಲಿನಿಕ್ಕಿನಲ್ಲಿ ಮಗುವನ್ನು ಪ್ಲಾಸ್ಟಿಕ್ ಹಲಗೆಯ ಮೇಲೆ ಮಲಗಿಸಿ ನರ್ಸು ಕಾಲಿಗೆ ಪಟ್ಟಿ ಬಿಗಿದಳು. ಕಲೆಗಳು ಅಂಗಿಯೊಳಗೇ ಇದ್ದವು. ಡಾಕ್ಟರು ಕಾಗದ ಹಿಡಿದು ಕೇಳಿದರು:

"ತಾಯಿ ಕಡೆಯವರಲ್ಲಿ ಯಾರಿಗಾದ್ರೂ ರಕ್ತ ನಿಲ್ಲದ ತೊಂದರೆ ಇತ್ತಾ? ಗಂಡುಮಕ್ಕಳು ಯಾರಾದ್ರೂ ಚಿಕ್ಕಂದಿನಲ್ಲೇ ತೀರಿಕೊಂಡಿದ್ದಾರಾ?"

"ನನ್ನ ಅಣ್ಣ ಒಬ್ಬ," ಎಂದಳು ಮಗಳು. "ಆದ್ರೆ ಅವನು ಮೆಟ್ಟಿಲಿಂದ ಬಿದ್ದು ಹೋದದ್ದು."

ನಾನು ಕಲಿಸಿದ ಮಾತು, ಒಂದಕ್ಷರ ಆಚೀಚೆಯಿಲ್ಲ. ಡಾಕ್ಟರು "ಇಲ್ಲ" ಎಂಬಲ್ಲಿ ಗುರುತು ಹಾಕಿದರು. ಕೈಗವಸು ತೊಟ್ಟರು. ನರ್ಸು ಹಸಿರು ಬಟ್ಟೆ ಸರಿಸಿದಾಗ ಟ್ರೇಯಲ್ಲಿ ಬ್ಲೇಡು ಹೊಳೆಯಿತು. ಡಾಕ್ಟರು ಬಗ್ಗಿದರು.

"ಬೇಡ," ಎಂದೆ. "ಅವನು ಬಿದ್ದಿರಲಿಲ್ಲ. ಹಲ್ಲು ಕಿತ್ತ ಮೇಲೆ ರಕ್ತ ನಿಲ್ಲಲಿಲ್ಲ."

ಡಾಕ್ಟರು ಬ್ಲೇಡು ಕೆಳಗಿಟ್ಟರು. ಪರೀಕ್ಷೆಗೆಂದು ಮಗುವಿನ ಮುಂಗೈಯಿಂದ ರಕ್ತ ತೆಗೆಸಿದರು. ಬೀಗಿತ್ತಿ ಗೋಡೆಗೆ ಒರಗಿ ಕುಳಿತುಬಿಟ್ಟರು.

ಮಗಳು ನನ್ನನ್ನೇ ನೋಡುತ್ತಿದ್ದಳು. "ಇದೆಲ್ಲಾ ಗೊತ್ತಿದ್ದೂ ಇವನನ್ನ ಇಲ್ಲೀವರೆಗೂ ತರೋಕೆ ಬಿಟ್ಯಾ?"

"ನಿನ್ನ ಸಂಸಾರ..." ಎಂದೆ.

ಸೂಜಿ ಚುಚ್ಚಿದ ಜಾಗದ ಹತ್ತಿ ಕೆಂಪಾಯಿತು. ನರ್ಸು ಬೇರೆ ಇಟ್ಟಳು, ಅದೂ ಒದ್ದೆಯಾಯಿತು. ಮೂರನೆಯದನ್ನು ಒತ್ತಿ ಹಿಡಿದು ಅವಳು ಡಾಕ್ಟರ ಮುಖ ನೋಡಿದಳು. ಅವರು ಫೋನೆತ್ತಿ ದೊಡ್ಡಾಸ್ಪತ್ರೆಗೆ ಕರೆ ಮಾಡತೊಡಗಿದರು.

ನಾನು ಮಗುವಿನತ್ತ ಕೈ ಚಾಚಿದೆ.

"ಮುಟ್ಟಬೇಡಮ್ಮ," ಎಂದಳು ಮಗಳು.